ಪೆಟ್ಟು ಬಿದ್ದವರಿಗೆ ಎಷ್ಟು ಹೆಸರು

ನಾಲ್ಕು ವರ್ಷದ ಹಿಂದೆ ಎರಡು ಸ್ಪ್ಯಾನಿಷ್ ಪದಗಳನ್ನು ನಾನು ತಪ್ಪಾಗಿ ಓದಿದೆ. ಪ್ರೊನೋಸ್ತಿಕೊ ರೆಸೆರ್ವಾದೊ. ಸ್ಪೇನಿನಲ್ಲಿ ಅಪಘಾತವಾದವರ ಇನ್ಶೂರೆನ್ಸ್ ಕಾಗದಗಳನ್ನು ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಆಗ ಸೇರಿ ಮೂರು ತಿಂಗಳಾಗಿತ್ತು. ಬೈಕಿನಿಂದ ಬಿದ್ದ ಒಬ್ಬರ ಆಸ್ಪತ್ರೆ ಕಾಗದ ಬಂತು. ಎಲ್ಲೆಲ್ಲಿ ಮೂಳೆ ಮುರಿದಿದೆ, ಎಲ್ಲಿ ಹೊಲಿಗೆ ಹಾಕಿದ್ದಾರೆ ಎಲ್ಲ ಬರೆದು, ಕೊನೆಯಲ್ಲಿ ಈ ಎರಡು ಪದ ಇತ್ತು. ರೆಸೆರ್ವಾದೊ ಅಂದರೆ ರಿಸರ್ವ್ ಮಾಡಿದ್ದು, ಹೊರಗೆ ಹೇಳದೆ ಇಟ್ಟುಕೊಂಡಿದ್ದು ಅಂದುಕೊಂಡೆ. ಮುಂದೇನಾಗಬಹುದು ಎಂಬ ವಿವರ ಗೌಪ್ಯವಾಗಿದೆ ಅನ್ನುವ ಅರ್ಥ ಬರುವಂತೆ ಬರೆದು ಕಳಿಸಿದೆ. ಅದನ್ನು ಓದಿದ ಪಕ್ಕದ ಟೀಮಿನವರು, ಗೌಪ್ಯ ಅಂದಮೇಲೆ ಅನುಮತಿ ಪತ್ರ ಬೇಕು ಅಂತ ಫೈಲನ್ನು ಬದಿಗಿಟ್ಟರು. ಒಂಬತ್ತು ದಿನ ಅದು ಅಲ್ಲೇ ಇತ್ತು.

ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಗಾಯ ಎಷ್ಟು ತೀವ್ರ ಅಂತ ಹೇಳಲು ಸ್ಪೇನಿನ ಡಾಕ್ಟರುಗಳ ಹತ್ತಿರ ಕೆಲವು ಸಿದ್ಧ ಪದಗಳಿವೆ. ಲೇವೆ ಅಂದರೆ ಸಣ್ಣದು. ಗ್ರಾವೆ ಅಂದರೆ ಗಂಭೀರ. ಮುಯ್ ಗ್ರಾವೆ ಅಂದರೆ ತುಂಬ ಗಂಭೀರ. ಯಾವುದನ್ನೂ ಹೇಳುವ ಧೈರ್ಯ ಸಾಲದಿದ್ದಾಗ ರೆಸೆರ್ವಾದೊ ಅಂತ ಬರೆಯುತ್ತಾರೆ. ನಮ್ಮಲ್ಲಿ ಐಸಿಯು ಬಾಗಿಲಲ್ಲಿ ಡಾಕ್ಟರು ನಿಂತು ‘ಈಗಲೇ ಏನೂ ಹೇಳೋಕಾಗಲ್ಲ, ಎರಡು ದಿನ ಕಳೀಲಿ’ ಅಂತಾರಲ್ಲ, ಅದೇ. ಆ ಬಾಗಿಲ ಮುಂದೆ ಯಾರೋ ನಿಂತಿದ್ದರು. ಹೆಂಡತಿಯೋ, ಅಣ್ಣನೋ, ಗೊತ್ತಿಲ್ಲ. ಅವರು ಹಣದ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಒಂದು ಸಾಲು ಅವರನ್ನು ಒಂಬತ್ತು ದಿನ ಜಾಸ್ತಿ ಕಾಯಿಸಿತು. ಆಮೇಲೆ ತಪ್ಪು ಸರಿಯಾಯಿತು, ಹಣವೂ ಹೋಯಿತು. ಆದರೆ ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಪೆಟ್ಟು ಬಿದ್ದವರ ಬಗ್ಗೆ ಸ್ಪ್ಯಾನಿಷಿನಲ್ಲಿ ಏನೇನು ಪದಗಳಿವೆಯೋ ಎಲ್ಲವನ್ನೂ ಅದರಲ್ಲಿ ಬರೆದುಕೊಳ್ಳುತ್ತೇನೆ. ಅರ್ಥ ಮಾತ್ರ ಅಲ್ಲ. ಯಾರು ಯಾರಿಗೆ ಹೇಳುತ್ತಾರೆ, ಯಾವಾಗ ಹೇಳುತ್ತಾರೆ, ಹೇಳಿದಾಗ ಪೆಟ್ಟು ತಿಂದವರು ಎಲ್ಲಿ ಹೋಗುತ್ತಾರೆ ಅನ್ನುವುದನ್ನೂ.

ಎರಡು ಪದ, ಎರಡು ದೇಶ

ಮೊದಲು ಕಲಿಯುವ ಪದ ಎರೀದೊ. ಬರೆಯುವಾಗ ಮೊದಲಿಗೆ ‘ಹ’ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ಲ್ಯಾಟಿನ್‌ನ ‘ಫೆರೀರೆ’ ಎಂಬ ಪದದಿಂದ ಬಂದದ್ದು. ಅದರ ಅರ್ಥ ಹೊಡೆಯುವುದು. ಅದಕ್ಕೇ ಇರಬೇಕು, ಎರೀದೊ ಅಂದಾಗ ಹೊರಗಿನಿಂದ ಏನೋ ಬಂದು ತಗುಲಿದ ಹಾಗೆ ಕೇಳುತ್ತದೆ. ಗುಂಡು, ಚಾಕು, ಕಾರು, ಗೂಳಿಯ ಕೊಂಬು. ಇನ್ನೊಂದು ಲೆಸಿಯೊನಾದೊ. ಸ್ಪೇನಿನಲ್ಲಿ ಈ ಪದ ಜಾಸ್ತಿ ಕೇಳುವುದು ಆಟದ ಸುದ್ದಿಯಲ್ಲಿ. ಫುಟ್‌ಬಾಲ್ ಆಟಗಾರನ ಮಂಡಿ ಕೈಕೊಟ್ಟರೆ ಅವನು ಲೆಸಿಯೊನಾದೊ. ಅವನನ್ನೇ ಎರೀದೊ ಅಂದರೆ ಯಾರೋ ಅವನ ಮೇಲೆ ಹಲ್ಲೆ ಮಾಡಿದರೇನೋ ಅಂತ ಕೇಳಿದವರು ಗಾಬರಿಯಾಗುತ್ತಾರೆ. ಆದರೆ ಮೆಕ್ಸಿಕೋದ ಪತ್ರಿಕೆ ತೆಗೆಯಿರಿ. ಬಸ್ ಮಗುಚಿ ಗಾಯಗೊಂಡವರನ್ನೂ ಅಲ್ಲಿ ಲೆಸಿಯೊನಾದೊಸ್ ಅಂತಲೇ ಬರೆಯುತ್ತಾರೆ. ಒಂದೇ ಭಾಷೆ, ನಡುವೆ ಒಂದು ಸಾಗರ. ಮೆಕ್ಸಿಕೋದ ಒಬ್ಬರು ಬರೆದ ಪತ್ರದಲ್ಲಿ ‘ಲೆಸಿಯೊನಾದೊ’ ಅಂತ ಓದಿ, ಆಟದ ಮೈದಾನದಲ್ಲಿ ಆದ ಪೆಟ್ಟಿರಬೇಕು ಅಂತ ನಾನು ಒಮ್ಮೆ ಅಂದುಕೊಂಡಿದ್ದೆ. ಪೂರ್ತಿ ಓದಿದಾಗ ಗೊತ್ತಾಯಿತು, ಅವರು ರಸ್ತೆ ದಾಟುತ್ತಿದ್ದರು.

ಇದೇ ಮನೆತನದ ಇನ್ನೊಂದು ಪದ ಇಲೇಸೊ. ಏನೂ ಆಗದೆ ಪಾರಾದವರು. ಲೆಸಿಯೋನ್ ಅಂದರೆ ಪೆಟ್ಟು, ಮುಂದೆ ‘ಇ’ ಸೇರಿದರೆ ಪೆಟ್ಟಿಲ್ಲ. ನಮ್ಮ ‘ಗಾಯಾಳು’ವಿಗೆ ಹೀಗೆ ಎದುರು ನಿಲ್ಲುವ ಒಂದು ಪದ ಕನ್ನಡದಲ್ಲಿ ಇದೆಯಾ ಅಂತ ಹುಡುಕಿದೆ. ‘ಪ್ರಾಣಾಪಾಯದಿಂದ ಪಾರು’ ಅಂತೀವಿ, ‘ಸುರಕ್ಷಿತ’ ಅಂತೀವಿ. ಒಂದು ಪೆಟ್ಟೂ ಬೀಳದವರಿಗೆ ಅಂತಲೇ ಒಂದು ಪದ ನನಗೆ ಸಿಗಲಿಲ್ಲ.

ಸ್ಪೇನಿನಲ್ಲಿ ಎರಡು ಕಾರು ಡಿಕ್ಕಿಯಾದರೆ ಇಬ್ಬರೂ ಸೇರಿ ಒಂದು ಫಾರಂ ತುಂಬುತ್ತಾರೆ. ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ಒಂದೇ ಮಾದರಿಯ ಫಾರಂ, ಭಾಷೆ ಮಾತ್ರ ಬೇರೆ. ಅದರ ಮೂರನೆಯ ಪ್ರಶ್ನೆಯನ್ನು ನಾನು ದಿನಾ ನೋಡುತ್ತೇನೆ. ಇಂಗ್ಲಿಷ್ ಫಾರಂ ಕೇಳುವುದು ಗಾಯದ ಬಗ್ಗೆ, ಸಣ್ಣದಾದರೂ ಸರಿ. ಫ್ರೆಂಚ್ ಫಾರಂ ಗಾಯಗೊಂಡವರ ಬಗ್ಗೆ ಕೇಳುತ್ತದೆ. ಸ್ಪ್ಯಾನಿಷ್ ಫಾರಂ ಕೇಳುವುದು ‘ಬೀಕ್ತಿಮಾಸ್’ ಬಗ್ಗೆ, ಬಲಿಯಾದವರ ಬಗ್ಗೆ, ಸಣ್ಣ ಪ್ರಮಾಣದಲ್ಲಾದರೂ ಸರಿ. ಬೆರಳು ತರಚಿದವನೂ ಅಲ್ಲಿ ಬೀಕ್ತಿಮಾ. ಮೊದಮೊದಲು ಇದು ಅತಿಯಾಯಿತು ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಗಾಯ ಒಂದು ವಸ್ತುವಿನ ಹಾಗೆ, ಅದನ್ನು ಅಳೆದು ಮುಗಿಸಬಹುದು. ಬೀಕ್ತಿಮಾ ಅಂದಕೂಡಲೇ ಎದುರಿಗೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ.

ನನಗೆ ತಲೆ ನೋಯುತ್ತಿದೆ

ಸ್ಪ್ಯಾನಿಷ್ ಕಲಿತದ್ದು ಮಲ್ಲೇಶ್ವರದ ಒಂದು ಮಹಡಿ ಕೋಣೆಯಲ್ಲಿ, ಶನಿವಾರ ಬೆಳಗ್ಗೆ. ಕಲಿಸುತ್ತಿದ್ದವರು ಸ್ಪೇನಿನಿಂದ ಬಂದು ಇಲ್ಲೇ ನೆಲೆಸಿದ್ದ ಒಬ್ಬ ಹಿರಿಯ ಹೆಂಗಸು. ‘ಪ್ರೋಫೆ’ ಅಂತ ಕರೆಯುತ್ತಿದ್ದೆವು, ಅಲ್ಲಿ ಮಕ್ಕಳು ಮೇಷ್ಟರನ್ನು ಕರೆಯುವುದು ಹಾಗೆ. ಒಂದು ದಿನ ದೇಹದ ಪಾಠ. ಒಬ್ಬೊಬ್ಬರೂ ಎದ್ದು ನಿಂತು ಎಲ್ಲಿ ನೋವು ಅಂತ ಹೇಳಬೇಕು. ನಾನು ಎದ್ದು ‘ಮಿ ಕಬೇಸಾ ದ್ವೇಲೆ’ ಅಂದೆ. ನನ್ನ ತಲೆ ನೋಯುತ್ತದೆ. ಅವರು ಬೋರ್ಡಿನ ಮೇಲೆ ಬರೆದರು: ಮೆ ದ್ವೇಲೆ ಲಾ ಕಬೇಸಾ. ‘ಮೆ’ ಅಂದರೆ ನನಗೆ. ‘ದ್ವೇಲೆ’ ಅಂದರೆ ನೋಯುತ್ತದೆ. ‘ಲಾ ಕಬೇಸಾ’ ಅಂದರೆ ತಲೆ. ಕ್ಲಾಸಿನಲ್ಲಿ ಎಲ್ಲರೂ ಕೈ ಎತ್ತಿದರು. ‘ನಾನು’ ಎಲ್ಲಿ ಹೋಯಿತು? ‘ನನ್ನ’ ಯಾಕಿಲ್ಲ? ಪ್ರೋಫೆ ಇಂಗ್ಲಿಷಿನಲ್ಲಿ ವಿವರಿಸುತ್ತಾ ಹೋದರು. ಅರ್ಧ ಗಂಟೆ ಹೋಯಿತು.

ನಾನು ಕೂತಲ್ಲೇ ಸುಮ್ಮನಾಗಿಬಿಟ್ಟೆ. ಆ ಬೋರ್ಡಿನ ಮೇಲೆ ಇದ್ದದ್ದು ನಮ್ಮ ಅಜ್ಜಿಯ ಮಾತು. ‘ನಂಗೆ ತಲೆ ನೋಯ್ತಿದೆ ಕಣೇ.’ ಅಜ್ಜಿ ಎಂದೂ ‘ನನ್ನ ತಲೆ’ ಅಂದವಳಲ್ಲ. ಬೇರೆ ಯಾರ ತಲೆ ಅವಳಿಗೆ ನೋಯುತ್ತದೆ? ಇಷ್ಟು ದಿನ ನಾನು ಸ್ಪ್ಯಾನಿಷನ್ನು ಇಂಗ್ಲಿಷ್ ಬಾಗಿಲಿಂದ ಹೊಕ್ಕುತ್ತಿದ್ದೆ. ನಮ್ಮ ಮನೆಯ ಹಿತ್ತಿಲ ಬಾಗಿಲು ನೇರ ಅಲ್ಲಿಗೇ ತೆರೆಯುತ್ತಿತ್ತು.

ಆ ಮೇಲೆ ಒಂದೊಂದೇ ಹೊಂದುತ್ತಾ ಹೋಯಿತು. ‘ಮೆ ರೊಂಪೀ ಎಲ್ ಬ್ರಾಸೊ.’ ಇಂಗ್ಲಿಷಿನಲ್ಲಿ ಇದನ್ನು ನಾನು ನನ್ನ ಕೈ ಮುರಿದೆ ಅನ್ನುವ ಹಾಗೆ ಹೇಳಬೇಕು, ಬೇಕಂತಲೇ ಮುರಿದಂತೆ. ಕನ್ನಡದಲ್ಲಿ ‘ಕೈ ಮುರಿದುಕೊಂಡೆ’ ಅಂತೀವಿ. ಆ ‘ಕೊಂಡೆ’ ಏನು ಮಾಡುತ್ತದೆಯೋ ಸ್ಪ್ಯಾನಿಷಿನ ‘ಮೆ’ ಅದನ್ನೇ ಮಾಡುತ್ತದೆ. ಆದದ್ದು ನನಗೇ, ಅನುಭವಿಸುವುದೂ ನಾನೇ, ಆದರೆ ಬೇಕಂತ ಮಾಡಿದ್ದಲ್ಲ. ಮಂಡಿಗೆ ಪೆಟ್ಟು ಮಾಡಿಕೊಂಡರೆ ಸ್ಪೇನಿನವರು ‘ಮೆ ಇಸೆ ದಾನ್ಯೊ’ ಅಂತಾರೆ, ಮೆಕ್ಸಿಕೋದವರು, ಅರ್ಜೆಂಟೀನಾದವರು ‘ಮೆ ಲಾಸ್ತಿಮೇ’ ಅಂತಾರೆ. ಎರಡರಲ್ಲೂ ‘ಮಾಡಿಕೊಂಡೆ’ ಇದೆ. ಕನ್ನಡಕ್ಕೂ ಸ್ಪ್ಯಾನಿಷಿಗೂ ರಕ್ತಸಂಬಂಧ ಇಲ್ಲ, ಅದು ಗೊತ್ತು. ಆದರೂ ನೋವಿನ ವಿಷಯಕ್ಕೆ ಬಂದಾಗ ಎರಡೂ ನೋಯುವವರನ್ನು ‘ನನಗೆ’ ಅನ್ನುವ ಒಂದೇ ಜಾಗದಲ್ಲಿ ಕೂರಿಸುತ್ತವೆ. ನೋವು ನಾನು ಮಾಡುವ ಕೆಲಸ ಅಲ್ಲ. ಅದು ನನ್ನ ಹತ್ತಿರ ಬರುತ್ತದೆ.

ಅದೇ ಪ್ರೋಫೆ ಇನ್ನೊಂದು ಶನಿವಾರ ಸೇರ್ ಮತ್ತು ಎಸ್ತಾರ್ ಕಲಿಸಿದರು. ಸ್ಪ್ಯಾನಿಷಿನಲ್ಲಿ ‘ಇರು’ವುದಕ್ಕೆ ಎರಡು ಕ್ರಿಯಾಪದ. ಪುಸ್ತಕದಲ್ಲಿ ಸುಲಭದ ಸೂತ್ರ ಕೊಟ್ಟಿದ್ದರು: ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ಗಾಯಗೊಂಡಿದ್ದಾನೆ ಅನ್ನಲು ‘ಎಸ್ತಾ ಎರೀದೊ’. ಸರಿ, ಗಾಯ ಮಾಯುತ್ತದೆ. ಆಮೇಲೆ ಅವರು ‘ಎಸ್ತಾ ಮ್ವೆರ್ತೊ’ ಅಂತ ಬರೆದರು. ಸತ್ತಿದ್ದಾನೆ. ಸಾವಿಗೂ ಎಸ್ತಾರ್. ಸಾವು ತಾತ್ಕಾಲಿಕವೇ ಅಂತ ಒಬ್ಬ ಹುಡುಗ ಕೇಳಿದ. ಪ್ರೋಫೆ ಸ್ವಲ್ಪ ಹೊತ್ತು ಯೋಚಿಸಿ, ಏನೋ ಒಂದು ನಡೆದು ಅದರಿಂದ ಬಂದ ಸ್ಥಿತಿಗೆ ಎಸ್ತಾರ್ ಅಂದರು. ಆ ಸ್ಥಿತಿ ಎಷ್ಟು ದಿನ ಇರುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಬಿದ್ದಿದ್ದಾನೆ, ಗಾಯಗೊಂಡಿದ್ದಾನೆ, ಸತ್ತಿದ್ದಾನೆ. ನಾವೂ ಸತ್ತವರಿಗೆ ‘ಇದ್ದಾನೆ’ ಅಂತಲೇ ಹೇಳುತ್ತೇವೆ. ಅಲ್ಲಿಯವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅಮ್ಮನ ‘ಪಾಪ’

ಅಮ್ಮ ಅರಸೀಕೆರೆಯಲ್ಲಿ ಇರುತ್ತಾಳೆ. ರಾತ್ರಿ ಫೋನ್ ಮಾಡಿದಾಗ ಅವಳ ಮೊದಲ ಪ್ರಶ್ನೆ ಊಟ ಆಯ್ತಾ, ಎರಡನೆಯದು ‘ಇವತ್ತು ಯಾರಿಗೆ ಏನಾಯ್ತು?’ ನನ್ನ ಕೆಲಸ ಅವಳಿಗೆ ಅರ್ಥವಾಗಿರುವುದು ಹಾಗೆ. ಹೆಸರು, ಊರು ಯಾವುದನ್ನೂ ನಾನು ಹೇಳುವ ಹಾಗಿಲ್ಲ. ಒಬ್ಬ ಅಜ್ಜಿ ಬಸ್ಸಿನಲ್ಲಿ ಜೋಲಿ ತಪ್ಪಿ ಬಿದ್ದಳು, ಒಬ್ಬ ಹುಡುಗ ಸೈಕಲ್‌ನಿಂದ ಬಿದ್ದ, ಅಷ್ಟು ಹೇಳುತ್ತೇನೆ. ಅಮ್ಮ ‘ಪಾಪ’ ಅನ್ನುತ್ತಾಳೆ. ಬೇರೆ ಏನೂ ಇಲ್ಲ. ಆ ಅಜ್ಜಿಯ ಮುಖ ಅವಳು ನೋಡಿಲ್ಲ, ಎಂದೂ ನೋಡುವುದಿಲ್ಲ.

ಒಂದು ರಾತ್ರಿ ಫೋನ್ ಇಟ್ಟ ಮೇಲೆ ಲಾಸ್ತಿಮಾರ್ ಅನ್ನುವ ಪದದ ಮೂಲ ಹುಡುಕುತ್ತಿದ್ದೆ. ಲಾಸ್ತಿಮಾರ್ ಅಂದರೆ ನೋಯಿಸುವುದು, ಪೆಟ್ಟು ಮಾಡುವುದು. ಲಾಸ್ತಿಮಾದೊ ಅಂದರೆ ಪೆಟ್ಟಾದವನು. ಲಾಸ್ತಿಮಾ ಅಂದರೆ ಕನಿಕರ. ‘ಕೆ ಲಾಸ್ತಿಮಾ!’ ಅಂದರೆ ಅಯ್ಯೋ ಪಾಪ, ಛೆ. ನೋವಿಗೂ ಕನಿಕರಕ್ಕೂ ಒಂದೇ ಬೇರು. ಆ ಬೇರು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ನೋಡಿದರೆ ಲ್ಯಾಟಿನ್‌ನ ‘ಬ್ಲಾಸ್ಫೆಮಾರೆ’. ದೇವರನ್ನು ನಿಂದಿಸುವುದು. ಅದಕ್ಕೂ ಹಿಂದೆ ಗ್ರೀಕ್. ದೈವನಿಂದೆ ನಿಧಾನಕ್ಕೆ ಬರೀ ನಿಂದೆಯಾಯಿತು, ನಿಂದೆ ನೋಯಿಸುವುದಾಯಿತು, ನೋಯಿಸುವುದು ಗಾಯವಾಯಿತು, ಗಾಯ ಕಂಡವರ ಬಾಯಲ್ಲಿ ಕನಿಕರವಾಯಿತು.

ನನ್ನ ಕೈ ಅಲ್ಲೇ ನಿಂತಿತು. ಅಮ್ಮ ಈಗ ತಾನೇ ಅಂದ ಪದವೂ ಅದೇ ದಾರಿಯದು. ಪಾಪ. ಪುಣ್ಯದ ಎದುರು ನಿಲ್ಲುವ ಪದ. ದೇವರ ಮುಂದೆ ಮಾಡಿದ ತಪ್ಪು. ಅದು ಯಾವ ಕಾಲದಲ್ಲಿ, ಯಾರ ಬಾಯಲ್ಲಿ ತಿರುಗಿ ಬಿದ್ದವನ ಮೇಲಿನ ಮರುಕವಾಯಿತೋ. ಎರಡು ಭಾಷೆ, ಒಂದರ ಮುಖ ಒಂದು ಕಂಡಿಲ್ಲ. ಎರಡೂ ತಮ್ಮ ಅತಿ ಕಠಿಣ ಪದವನ್ನು, ದೇವರು ಸಿಟ್ಟಾಗುವ ಪದವನ್ನು, ತೆಗೆದುಕೊಂಡು ಮೆತ್ತಗೆ ಮಾಡಿ ಗಾಯಗೊಂಡವರ ಮೇಲೆ ಹೊದಿಸಿದವು. ಪೆಟ್ಟು ಬಿದ್ದವನು ಏನೋ ತಪ್ಪು ಮಾಡಿದ್ದಾನೆ ಅಂತ ಜನ ಹಿಂದೆ ನಂಬಿದ್ದರೇನೋ. ನನಗೆ ಹಾಗೆ ಓದಲು ಇಷ್ಟವಿಲ್ಲ. ಅಮ್ಮ ‘ಪಾಪ’ ಅಂದಾಗ ಅಲ್ಲಿ ಯಾರ ತಪ್ಪಿನ ನೆರಳೂ ಇರುವುದಿಲ್ಲ. ಆ ಪದವನ್ನು ನಮ್ಮ ಅಮ್ಮಂದಿರು ಅಷ್ಟು ಚೆನ್ನಾಗಿ ತೊಳೆದಿದ್ದಾರೆ.

ಆದರೆ ಲಾಸ್ತಿಮಾಗೆ ಇನ್ನೊಂದು ಮುಖ ಇದೆ. ‘ದಾರ್ ಲಾಸ್ತಿಮಾ’ ಅಂದರೆ ನೋಡಿದವರಿಗೆ ಅಯ್ಯೋ ಅನ್ನಿಸುವ ಹಾಗಿರುವುದು. ಅಪಘಾತವಾದ ಮೇಲೆ ವರ್ಷಗಟ್ಟಲೆ ನರಳಿದವರ ಪತ್ರಗಳಲ್ಲಿ ‘ಹಾಗಾಗುವುದು ನನಗೆ ಬೇಡ’ ಅನ್ನುವ ಮಾತು ಆಗಾಗ ಬರುತ್ತದೆ. ಕನಿಕರ ಬೇಡ, ಚಿಕಿತ್ಸೆಯ ಹಣ ಕೊಡಿ ಅಂತ. ಅದನ್ನೂ ನಾನು ಅಷ್ಟೇ ಗೌರವದಿಂದ ಬರೆಯಬೇಕು.

ಯಾರೂ ಹೊಡೆಯದ ಪೆಟ್ಟು

ಸ್ಪ್ಯಾನಿಷ್ ಪತ್ರಿಕೆಗಳಿಗೆ ತುಂಬ ಪ್ರಿಯವಾದ ಒಂದು ಜೋಡಿ ಇದೆ: ರೆಸುಲ್ತೋ ಎರೀದೊ. ಫಲವಾಗಿ ಗಾಯಗೊಂಡನು ಅನ್ನುವ ಹಾಗೆ. ರಸ್ತೆ ಅಪಘಾತಕ್ಕೆ ಇದು ಸರಿ. ಯಾರ ತಪ್ಪು ಅಂತ ಇನ್ನೂ ಗೊತ್ತಿಲ್ಲ, ವರದಿಗಾರ ತೀರ್ಪು ಕೊಡುವ ಹಾಗಿಲ್ಲ. ನಮ್ಮ ಪತ್ರಿಕೆಗಳ ‘ಮೂವರಿಗೆ ಗಾಯ’ ಇದ್ದಂತೆ. ಆದರೆ ಪೆಟ್ಟು ಕೊಟ್ಟವರು ಎದುರಿಗೇ ನಿಂತಿರುವಾಗಲೂ ಇದೇ ಜೋಡಿ ಬಳಸಿದರೆ? ಗಾಯ ತಾನಾಗಿಯೇ ಹುಟ್ಟಿದ ಹಾಗೆ ಆಗುತ್ತದೆ.

ಚಿಲಿಯಲ್ಲಿ 2019ರ ಅಕ್ಟೋಬರ್‌ನಲ್ಲಿ ಜನ ಬೀದಿಗೆ ಇಳಿದರು. ಪೊಲೀಸರು ಗುಂಡುಗಳನ್ನು, ಅಶ್ರುವಾಯು ಶೆಲ್ಲುಗಳನ್ನು ಹಾರಿಸಿದರು. ಕೆಲವೇ ತಿಂಗಳಲ್ಲಿ 400ಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು. ಕೆಲವರಿಗೆ ಎರಡೂ ಕಣ್ಣು ಹೋಯಿತು. ಕಾಗದಗಳಲ್ಲಿ ಬರುತ್ತಿದ್ದ ಪದ ‘ತ್ರೌಮಾ ಒಕುಲಾರ್’, ನೇತ್ರ ಆಘಾತ. ಡಾಕ್ಟರಿಗೆ ಬೇಕಾದ ಪದ, ನಿಖರವೂ ಹೌದು. ಬೀದಿಯಲ್ಲಿದ್ದವರು ಹಿಡಿದ ಪದ ಬೇರೆ: ಮುತಿಲಾದೊಸ್. ಅಂಗ ಕಿತ್ತುಕೊಳ್ಳಲ್ಪಟ್ಟವರು. ಎರೀದೊ ಆಗಲು ಕಲ್ಲು ಎಡವಿದರೂ ಸಾಕು. ಮುತಿಲಾದೊ ಅಂದಾಗ ಕೇಳುವವನ ಬಾಯಲ್ಲಿ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ, ಯಾರು? ಮೆರವಣಿಗೆಯಲ್ಲಿ ಜನ ಒಂದು ಕಣ್ಣಿಗೆ ಬ್ಯಾಂಡೇಜ್ ಕಟ್ಟಿಕೊಂಡು ನಡೆದರು. ಅವರು ಆ ಪದವನ್ನು ಮುಖದ ಮೇಲೇ ತೊಟ್ಟಿದ್ದರು.

ಅದೇ ಮುತಿಲಾದೊ ಸ್ಪೇನಿನಲ್ಲಿ ಬೇರೆ ಬದುಕು ಕಂಡ ಪದ. ಇದು ನನ್ನನ್ನು ತುಂಬ ಕಾಡಿದ್ದು. 1936ರಿಂದ 1939ರವರೆಗೆ ಅಂತರ್ಯುದ್ಧ ನಡೆಯಿತು. ಎರಡೂ ಕಡೆ ಕೈಕಾಲು ಕಳೆದುಕೊಂಡರು. ಗೆದ್ದದ್ದು ಗಣರಾಜ್ಯದ ವಿರುದ್ಧ ದಂಗೆ ಎದ್ದ ಸೇನಾನಿ ಫ್ರಾಂಕೊ, ಆಮೇಲೆ ಅವನೇ ಸರ್ವಾಧಿಕಾರಿ. ಗೆದ್ದ ಕಡೆಯ ಗಾಯಾಳುಗಳಿಗಾಗಿ ಒಂದು ಪಡೆಯನ್ನೇ ಕಟ್ಟಿದರು, ಅದರ ಮುಖ್ಯಸ್ಥ ಮಿಯಾನ್ ಆಸ್ತ್ರಾಯ್. ಮೊರಾಕ್ಕೊದ ಯುದ್ಧದಲ್ಲಿ ಒಂದು ತೋಳು, ಒಂದು ಕಣ್ಣು ಕಳೆದುಕೊಂಡಿದ್ದ ಸೇನಾಧಿಕಾರಿ. ಆ ಪಡೆಯವರಿಗೆ ಬಿರುದು ‘ಕಬಾಯೇರೊ ಮುತಿಲಾದೊ’. ಕಬಾಯೇರೊ ಅಂದರೆ ವೀರ, ಮಹನೀಯ. ಅವರಿಗೆ ಪಿಂಚಣಿ ಇತ್ತು, ಕೆಲಸದಲ್ಲಿ ಮೀಸಲಾತಿ ಇತ್ತು, ಮೆಟ್ರೊ ರೈಲಿನಲ್ಲಿ ಕಾದಿಟ್ಟ ಸೀಟು ಇತ್ತು. ಸೋತ ಕಡೆ ನಿಂತು ಕಾಲು ಕಳೆದುಕೊಂಡವನು? ಅವನಿಗೆ ಬಿರುದಿಲ್ಲ, ಪಿಂಚಣಿ ಇಲ್ಲ. ಅವನು ಸುಮ್ನೆ ಕೋಹೊ. ಕುಂಟ. ಕೈ ಹೋದವನಾದರೆ ಮಾಂಕೊ. ಒಂದೇ ಯುದ್ಧ, ಒಂದೇ ಬಗೆಯ ಗಾಯ.

ಸೋತ ಕಡೆಯ ಗಾಯಾಳುಗಳು ತಮ್ಮದೇ ಸಂಘ ಕಟ್ಟಿಕೊಂಡು ಹೋರಾಡಿದರು. ಫ್ರಾಂಕೊ ಸತ್ತದ್ದು 1975ರಲ್ಲಿ. ಗಣರಾಜ್ಯದ ಕಡೆ ಹೋರಾಡಿ ಅಂಗ ಕಳೆದುಕೊಂಡವರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1980ರ ಜೂನ್‌ನಲ್ಲಿ. ಆ ಕಾನೂನಿನ ಹೆಸರಿನಲ್ಲೇ ಅವರೂ ಮುತಿಲಾದೊಸ್. ಯುದ್ಧ ಮುಗಿದು 41 ವರ್ಷವಾಗಿತ್ತು. 20 ವರ್ಷಕ್ಕೆ ಕಾಲು ಕಳೆದುಕೊಂಡವನಿಗೆ ಆಗ 60 ದಾಟಿರುತ್ತದೆ. ಒಂದು ಪದ ತಲುಪಲು ಅಷ್ಟು ಕಾಲ ಹಿಡಿಯಿತು. ಪದ ಯಾವುದಾದರೇನು, ಅರ್ಥ ಗೊತ್ತಾದರೆ ಸಾಕು ಅಂತ ಯಾರಾದರೂ ಹೇಳಿದಾಗ ನಾನು ಈ ಮನುಷ್ಯನನ್ನು ನೆನೆಯುತ್ತೇನೆ.

ಕೋಹೊ, ಮಾಂಕೊ ಇವೆಲ್ಲ ಸ್ಪ್ಯಾನಿಷಿನಲ್ಲಿ ಹಳೆಯ, ದಿನಬಳಕೆಯ ಪದಗಳು. ‘ಡಾನ್ ಕ್ವಿಕ್ಸೋಟ್’ ಬರೆದ ಸೆರ್ವಾಂಟಿಸ್‌ಗೇ ‘ಲೆಪಾಂತೊದ ಮಾಂಕೊ’ ಅಂತ ಅಡ್ಡಹೆಸರಿದೆ, 1571ರ ಆ ನೌಕಾಯುದ್ಧದಲ್ಲಿ ಅವನ ಎಡಗೈ ಕೆಲಸಕ್ಕೆ ಬಾರದಂತಾಯಿತು. ಅವನಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು. ಆದರೆ ತಾನೇ ಹೆಮ್ಮೆಯಿಂದ ಹೇಳಿಕೊಳ್ಳುವುದು ಬೇರೆ, ದಾರಿಹೋಕ ಹಾಗೆ ಕರೆಯುವುದು ಬೇರೆ ಅಲ್ವಾ. ಸ್ಪೇನಿನ 1978ರ ಸಂವಿಧಾನದ 49ನೇ ವಿಧಿಯಲ್ಲಿ ಅಂಗವಿಕಲರಿಗೆ ‘ದಿಸ್ಮಿನ್ವೀದೊಸ್’ ಅಂತ ಬರೆದಿದ್ದರು. ಕಡಿಮೆಯಾದವರು ಅಂತ ಅರ್ಥ. 2024ರಲ್ಲಿ ಸಂವಿಧಾನ ತಿದ್ದಿ ಅದನ್ನು ‘ಪೆರ್ಸೊನಾಸ್ ಕೊನ್ ದಿಸ್ಕಪಸಿದಾದ್’ ಮಾಡಿದರು, ಅಂಗವೈಕಲ್ಯ ಇರುವ ವ್ಯಕ್ತಿಗಳು. ಉದ್ದ ಜಾಸ್ತಿ ಆಯಿತು, ನಿಜ. ವ್ಯಕ್ತಿ ಅನ್ನುವುದಕ್ಕೆ ಅಷ್ಟು ಜಾಗ ಬೇಕು.

ಎಲ್ಲ ಪದವೂ ಮನುಷ್ಯನನ್ನು ನುಂಗುವುದಿಲ್ಲ ಅನ್ನುವುದಕ್ಕೆ ಮೆಕ್ಸಿಕೋ ಸಿಟಿ ಸಾಕ್ಷಿ. 1985ರ ಸೆಪ್ಟೆಂಬರ್ 19ರ ಬೆಳಗ್ಗೆ 7 ಗಂಟೆ 19 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿತು. ಮೈಗೆ ಪೆಟ್ಟಾಗದಿದ್ದರೂ ಮನೆ ಕಳೆದುಕೊಂಡವರಿಗೆ ಸ್ಪ್ಯಾನಿಷಿನಲ್ಲಿ ದಾಮ್ನಿಫಿಕಾದೊ ಅಂತಾರೆ, ನಷ್ಟಕ್ಕೆ ಒಳಗಾದವರು. ನಮ್ಮ ಪತ್ರಿಕೆಗಳಲ್ಲಿ ನೆರೆ ಬಂದಾಗ ಬರೆಯುವ ‘ಸಂತ್ರಸ್ತರು’ ಇದಕ್ಕೆ ಹತ್ತಿರ. ನಮ್ಮ ಪದದ ಬೇರಿನಲ್ಲಿ ಇರುವುದು ಹೆದರಿಕೆ, ಅವರದರಲ್ಲಿ ನಷ್ಟ. ನಷ್ಟ ಅಂದಮೇಲೆ ಯಾರೋ ತುಂಬಿಕೊಡಬೇಕು. ಅಲ್ಲಿನ ಜನ ಅದೇ ಹೆಸರನ್ನು ಹಿಡಿದು ಅಕ್ಟೋಬರ್‌ನಲ್ಲೇ ದಾಮ್ನಿಫಿಕಾದೊಗಳ ಒಕ್ಕೂಟ ಕಟ್ಟಿದರು. ನಮ್ಮನ್ನು ಊರಾಚೆ ಕಳಿಸಬೇಡಿ, ನಮ್ಮ ಬೀದಿಯಲ್ಲೇ ಮನೆ ಕಟ್ಟಿಕೊಡಿ ಅಂತ ಕೇಳಿದರು. ಎರಡು ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಮನೆ ಎದ್ದವು.

ನೋವಿನ ದಿನದ ಲೆಕ್ಕ

ನನ್ನ ಕೆಲಸದಲ್ಲಿ ಜಾಸ್ತಿ ಓದುವುದು ಸ್ಪೇನಿನ 2015ರ 35ನೇ ಕಾನೂನು. ಎಲ್ಲರೂ ಅದನ್ನು ಬಾರೇಮೊ ಅಂತ ಕರೆಯುತ್ತಾರೆ, ಅಂದರೆ ದರಪಟ್ಟಿ. ವಾಹನ ಅಪಘಾತದಲ್ಲಿ ಪೆಟ್ಟಾದವರಿಗೆ ಎಷ್ಟು ಹಣ ಅಂತ ಅದರಲ್ಲಿ ಬರೆದಿದೆ. 2016ರ ಜನವರಿಯಲ್ಲಿ ಜಾರಿಗೆ ಬಂದಾಗ ಐಸಿಯುನಲ್ಲಿ ಕಳೆದ ಒಂದು ದಿನಕ್ಕೆ 100 ಯೂರೊ, ಆಸ್ಪತ್ರೆ ವಾರ್ಡಿನಲ್ಲಿ 75, ಮನೆಯಲ್ಲಿದ್ದು ತನ್ನ ಬದುಕಿನ ಚಟುವಟಿಕೆಗಳಲ್ಲಿ ಗಣನೀಯ ಭಾಗ ನಿಂತಿದ್ದರೆ 52, ಸಣ್ಣ ತೊಂದರೆಗೆ 30. ಮೊದಲ ಸಲ ಈ ಪಟ್ಟಿ ನೋಡಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ನೋವಿಗೆ ದಿನಗೂಲಿ. ಆದರೆ ಅದೇ ಕಾನೂನಿನ ಒಳಗೆ ಹೋದರೆ ಬೇರೆ ಒಂದು ಮನಸ್ಸು ಕಾಣುತ್ತದೆ. ಮನುಷ್ಯ ಕಳೆದುಕೊಳ್ಳಬಹುದಾದದ್ದು ಏನೇನು ಅಂತ ಅದು ಹೆಸರಿಸುತ್ತದೆ. ಉಣ್ಣುವುದು, ಮೀಯುವುದು ಮಾತ್ರ ಅಲ್ಲ. ಸಂತೋಷ ಪಡುವುದು, ಜನರ ಜೊತೆ ಬೆರೆಯುವುದು, ದಾಂಪತ್ಯ, ಬಿಡುವಿನ ಹೊತ್ತು, ಆಟ, ಓದು, ವೃತ್ತಿ. ಇವು ನಿಂತರೆ ಅದೂ ನಷ್ಟ. ತೀರಾ ಕಠಿಣ ಸ್ಥಿತಿಯಲ್ಲಿರುವವರಿಗೆ ‘ಗ್ರಾನ್ ಲೆಸಿಯೊನಾದೊ’ ಅನ್ನುವ ಹೆಸರಿದೆ. ದಿನನಿತ್ಯದ ಮುಖ್ಯ ಕೆಲಸಗಳಲ್ಲಿ ಹೆಚ್ಚಿನವನ್ನು ತಾನೇ ಮಾಡಿಕೊಳ್ಳಲಾಗದವರು. ಕಾನೂನಿನ ಭಾಷೆಯಲ್ಲಿ ಇಷ್ಟು ಬದುಕು ಸೇರಿಸಿದವರ ಬಗ್ಗೆ ನನಗೆ ಗೌರವ ಇದೆ.

ಆ ಕಾನೂನಿನ ಇನ್ನೊಂದು ಪದ ಸೆಕ್ವೇಲಾ. ಗಾಯ ಮಾಯ್ದ ಮೇಲೂ ಉಳಿದುಕೊಳ್ಳುವುದು. ಸ್ಪ್ಯಾನಿಷಿನಲ್ಲಿ ‘ರೆಸೆಂತೀರ್ಸೆ’ ಅಂತ ಒಂದು ಕ್ರಿಯಾಪದವೂ ಇದೆ, ಹಳೇ ಪೆಟ್ಟು ಮತ್ತೆ ನೋಯುವುದು. ಮಂಡಿಗೂ ಹೇಳುತ್ತಾರೆ, ಮನಸ್ಸಿಗೂ ಹೇಳುತ್ತಾರೆ. ನಮ್ಮ ತಾತನಿಗೆ ತೆಂಗಿನ ಮರದಿಂದ ಬಿದ್ದ ಪೆಟ್ಟು ಪ್ರತಿ ಚಳಿಗಾಲ ಹಾಗೇ ಎದ್ದು ಬರುತ್ತಿತ್ತು.

ರೆಸೆರ್ವಾದೊ ಫೈಲು ಎರಡು ವರ್ಷದ ನಂತರ ಮತ್ತೆ ನನ್ನ ಮೇಜಿಗೆ ಬಂತು. ಆ ಮನುಷ್ಯ ಬದುಕಿದ್ದರು. ಇದು ಕೊನೆಯ ವೈದ್ಯಕೀಯ ವರದಿ. 11 ಪುಟ. ಉದ್ದಕ್ಕೂ ಅವರನ್ನು ‘ಎಲ್ ಲೆಸಿಯೊನಾದೊ’ ಅಂತ ಕರೆದಿದ್ದರು. ಸೆಕ್ವೇಲಾಗಳ ಪಟ್ಟಿ, ಒಂದೊಂದಕ್ಕೆ ಅಂಕ. ಎಡಗಾಲಿನಲ್ಲಿ ಕುಂಟು ನಡಿಗೆ. ಕೊನೆಯ ಪುಟದಲ್ಲಿ ಒಂದು ಸಾಲು: ರೆಫಿಯೇರೆ ದೊಲೋರ್ ಆಲ್ ಬಹಾರ್ ಎಸ್ಕಲೇರಾಸ್. ಮೆಟ್ಟಿಲು ಇಳಿಯುವಾಗ ನೋವು. ‘ರೆಫಿಯೇರೆ’ ಅಂದರೆ ಹೇಳುತ್ತಾರೆ, ವಿವರಿಸುತ್ತಾರೆ. ಸ್ಪೇನಿನ ಡಾಕ್ಟರುಗಳು ರೋಗಿಯ ಮಾತನ್ನು ಬರೆಯುವಾಗ ಬಳಸುವ ಪದ. ನಮ್ಮ ಆಫೀಸಿನ ಇಂಗ್ಲಿಷ್ ಮಾದರಿ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವುದು, ರೋಗಿ ನೋವಿನ ಬಗ್ಗೆ ದೂರುತ್ತಾನೆ ಅನ್ನುವ ಪದ. ಇಂಗ್ಲಿಷ್ ಡಾಕ್ಟರುಗಳ ವಾಡಿಕೆ ಅದು. ಯಾರೂ ಕೆಟ್ಟ ಮನಸ್ಸಿನಿಂದ ಬರೆಯುವುದಿಲ್ಲ. ನಾನೂ ನೂರಾರು ಸಲ ಹಾಗೇ ಬರೆದಿದ್ದೆ.

ಅಂದು ಬರೆಯಲಾಗಲಿಲ್ಲ. ಈ ಮನುಷ್ಯ ಯಾರನ್ನೂ ದೂರುತ್ತಿರಲಿಲ್ಲ. ಡಾಕ್ಟರು ಕೇಳಿದರು, ಅವರು ಹೇಳಿದರು. ಬಹುಶಃ ಆ ಕೋಣೆಯಲ್ಲಿ ಅವರ ಬಾಯಿಂದ ಬಂದದ್ದು ‘ಮೆ ದ್ವೇಲೆ’ ಅಂತಲೇ. ನಾನು ಇಂಗ್ಲಿಷಿನಲ್ಲಿ ಬರೆದೆ: ಮೆಟ್ಟಿಲು ಇಳಿಯುವಾಗ ತನಗೆ ನೋಯುತ್ತದೆ ಎಂದು ಹೇಳುತ್ತಾರೆ. ಪರಿಶೀಲಿಸುವವರು ಮಾದರಿ ಪಟ್ಟಿಯ ಪ್ರಕಾರ ‘ದೂರುತ್ತಾರೆ’ ಅಂತ ತಿದ್ದಿ ವಾಪಸ್ ಕಳಿಸಿದರು. ನಾನು ಎದ್ದು ಅವರ ಮೇಜಿನ ಹತ್ತಿರ ಹೋಗಿ, ಮೂಲದ ಪುಟ ತೋರಿಸಿ, ರೆಫಿಯೇರೆ ಅಂದರೆ ಏನು ಅಂತ ಹೇಳಿದೆ. ಒಂಬತ್ತು ದಿನದ ಕಥೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಆ ಸಾಲನ್ನು ನೋಡಿದರು. ಆಮೇಲೆ ‘ಸರಿ, ಹೇಳುತ್ತಾರೆ ಅಂತಲೇ ಇರಲಿ’ ಅಂದು ತಮ್ಮ ತಿದ್ದುಪಡಿ ತೆಗೆದರು. ಫೈಲು ಅವತ್ತೇ ಸಂಜೆ ಹೋಯಿತು.